ತಪ್ಪುಕಾಣಿಕೆ ಯಾರದ್ದು?

ಅರಂತೋಡಿನ ಕಮಲಾವತಿಗೆ ಒಂಬತ್ತು ವರ್ಷ. ೧೯೫೧ರ ಮಾತು. ಅಪ್ಪನ ಅಣ್ಣ ಜತ್ತಪ್ಪ ಹುಲ್ಲಿನ ಅಟ್ಟದಲ್ಲಿ ಆ ಮಗುವಿಗೆ ಮಾಡಬಾರದ್ದನ್ನು ಮಾಡಿದ. ಮನೆಯ ದೈವಕ್ಕೆ ದೀಪ ಇಡುವ ದೊಡ್ಡ ಮನುಷ್ಯ, ನೋಡಿ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು? ಮಗು ಅವ್ವನಿಗೆ ಹೇಳಿತು. ಅವ್ವ ಎದೆ ಬಡಿದುಕೊಂಡು ಅತ್ತಳು, ಮರುದಿನ ಮಗಳನ್ನು ತಲೆಗೆ ಮೀಯಿಸಿ, ಬಟ್ಟೆಯ ತುಂಡಿನಲ್ಲಿ ನಾಣ್ಯ ಕಟ್ಟಿ ಕೈಗೆ ಕೊಟ್ಟಳು.

"ದೈವದ ಎದುರು ಇಟ್ಟು ಅಡ್ಡ ಬೀಳು ಮಗಾ. ಎಲ್ಲ ಸರಿಯಾಗ್ತದೆ."

ಅದು ತಪ್ಪುಕಾಣಿಕೆ. ತಪ್ಪು ಮಾಡಿದವರು ಕೈಯಾರೆ ಇಡುವಂಥದ್ದು. ಅಷ್ಟು ಆ ವಯಸ್ಸಿಗೂ ಗೊತ್ತಿತ್ತು.

"ನಾನೆಂತ ತಪ್ಪು ಮಾಡಿದ್ದು ಅವ್ವ?"

"ಬಾಯಿ ಮುಚ್ಚು. ಯಾರ ಹತ್ರವೂ ಹೇಳ್ಲಿಕ್ಕಿಲ್ಲ."

ಅಲ್ಲ, ನೀವೇ ಹೇಳಿ, ಇದೆಂಥ ನ್ಯಾಯ? ಕಮಲಾವತಿ ದೊಡ್ಡವಳಾದಳು, ಪೆರಾಬೆಯ ಚನಿಯಪ್ಪನ ಹೆಂಡತಿಯಾದಳು, ಚಾಪೆ ಹೆಣೆಯುವುದರಲ್ಲಿ ಊರಿಗೇ ಹೆಸರಾದಳು. ಆದರೆ ಹಾಲು ಉಕ್ಕಿದರೂ "ನನ್ನ ತಪ್ಪು", ಒಣಗಲು ಹಾಕಿದ ಭತ್ತ ಮಳೆಗೆ ನೆನೆದರೂ "ನನ್ನದೇ ತಪ್ಪು".

"ಮಳೆ ಬರಿಸಿದ್ದೂ ನೀನೇಯಾ ಮಾರಾಯ್ತಿ?" ಎಂದು ಚನಿಯಪ್ಪ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಒಳಗೊಳಗೆ ಮಾತ್ರ, ಇದ್ದರೂ ಇರಬಹುದು ಅಂತ ಅನಿಸುತ್ತಿತ್ತು.

೧೯೬೪ರಲ್ಲಿ ದೈವದ ಪೂಜೆಗೆಂದು ತವರಿಗೆ ಬಂದಳು. ಚಾವಡಿಗೆ ಕಾಲಿಡುತ್ತಾಳೆ, ಅಣ್ಣ ತೀರ್ಥರಾಮನ ಮಗಳು, ಎಂಟು ವರ್ಷದ ಪ್ರೇಮಾವತಿ, ಒದ್ದೆ ತಲೆಯಲ್ಲಿ ನಿಂತಿದ್ದಾಳೆ. ಕೈಯಲ್ಲಿ ಬಟ್ಟೆಯ ಗಂಟು. ಹಿಂದೆ ಅವ್ವ.

"ಇವಳೆಂತ ಮಾಡಿದ್ಳು ಅವ್ವ?"

ಅವ್ವ ತಲೆ ತಗ್ಗಿಸಿದಳು. ಆಚೆ ಜತ್ತಪ್ಪ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದ. ಕಮಲಾವತಿಗೆ ಎಲ್ಲ ಅರ್ಥವಾಯಿತು. ಮಗುವಿನ ಕೈಯಿಂದ ಗಂಟನ್ನು ತೆಗೆದು ಅವನ ಮುಖದೆದುರು ಹಿಡಿದಳು.

"ದೊಡ್ಡಪ್ಪ, ಇದು ನೀವು ಇಡ್ಬೇಕಾದ್ದು. ಈ ಮಗುವಿಗೆ ಮಾಡಿದ್ದಕ್ಕೆ, ನನಗೆ ಮಾಡಿದ್ದಕ್ಕೆ."

"ಇವಳಿಗೆ ಮರ್ಲು, ತಲೆ ಕೆಟ್ಟಿದೆ!" ಎಂದ ಜತ್ತಪ್ಪ.

"ಹಾಗಾದ್ರೆ ದೀಪ ಮುಟ್ಟಿ ಹೇಳಿ, ಮಾಡ್ಲಿಲ್ಲ ಅಂತ."

ದಿನಾ ಆ ದೀಪ ಹಚ್ಚುತ್ತಿದ್ದ ಕೈ ಮುಂದೆ ಬರಲಿಲ್ಲ. ಪೂಜೆಗೆಂದು ಚಾವಡಿಯಲ್ಲೇ ಇದ್ದ ತೀರ್ಥರಾಮ ಅದನ್ನು ಕಂಡ. ಏನೂ ತಿಳಿಯದಿದ್ದ ಆ ತಂದೆ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ, ಅವ್ವನ ಮುಖ ನೋಡಿದ, ಆಮೇಲೆ ಜತ್ತಪ್ಪನ ರಟ್ಟೆ ಹಿಡಿದು ಅಂಗಳಕ್ಕೆ ದಬ್ಬಿದ.

"ಇನ್ನು ಈ ಮೆಟ್ಟಿಲು ಹತ್ತಿದ್ರೆ ಕಾಲು ಮುರಿತೇನೆ!"

"ಸುಳ್ಯಕ್ಕೆ ಹೋಗುವ ಅಣ್ಣ, ಪೊಲೀಸರಿಗೆ ಹೇಳುವ," ಎಂದಳು ಕಮಲಾವತಿ.

ತೀರ್ಥರಾಮ ತಲೆ ಕೆರೆದುಕೊಂಡ. "ಮನೆಯ ಮರ್ಯಾದೆ ಉಂಟಲ್ವಾ... ನೋಡುವ."

ಹಾಳು ಮರ್ಯಾದೆ! ಹೊರಗೆ ಹಾಕಿದ್ದೇ ನ್ಯಾಯವೋ, ಅರ್ಧ ನ್ಯಾಯವೋ? ಗೆದ್ದೆನೋ ಸೋತೆನೋ ತಿಳಿಯದೆ ಕಮಲಾವತಿ ನೆಲಕ್ಕೆ ಕುಳಿತಳು. ಪ್ರೇಮಾವತಿ ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

"ಅತ್ತೆ, ಹಾಗಾದ್ರೆ ನಾನು ತಪ್ಪು ಮಾಡ್ಲಿಲ್ವಾ?"

"ಇಲ್ಲ ಮಗಾ. ನೀನು ಎಂತ ತಪ್ಪೂ ಮಾಡ್ಲಿಲ್ಲ."

"ನೀನೂ ಮಾಡ್ಲಿಲ್ಲ ಕಮಲಾ," ಎಂದಳು ಅವ್ವ ಬಾಗಿಲ ಸಂದಿಯಿಂದ.

ಹದಿಮೂರು ವರ್ಷ ಕಾದಿದ್ದ ಮಾತು. ಎದ್ದು ಹೋಗಿ ಅವ್ವನನ್ನು ತಬ್ಬಿಕೊಳ್ಳಬೇಕೋ, ಕೆನ್ನೆಗೆ ಬಾರಿಸಬೇಕೋ, ಕಮಲಾವತಿಗೆ ತಿಳಿಯಲಿಲ್ಲ. ಮಗುವನ್ನು ಮಡಿಲಿಗೆ ಎಳೆದುಕೊಂಡು ಅಲ್ಲೇ ಕುಳಿತು ಅತ್ತಳು.