ರಾಮನಾಥ ಮಾಸ್ತರರಿಗೆ ಉಳಿದ ಮಾತು

ಕಾರವಾರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ರಾಮನಾಥ ಮಾಸ್ತರರು ಕಲಿಸುತ್ತಿದ್ದದ್ದು ಇಂಗ್ಲಿಷ್ ನುಡಿಗಟ್ಟುಗಳನ್ನು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುವ ಹಳ್ಳಿಯ ಮಕ್ಕಳು ತರ್ಕ, ಗಣಿತ ಎಲ್ಲ ದಾಟಿ ಇಲ್ಲಿ ಎಡವುತ್ತಿದ್ದರು. ಹಾಗಾಗಿ ಹೈಸ್ಕೂಲಿನಿಂದ ನಿವೃತ್ತರಾದ ಮೇಲೂ ಅವರು ಭಾವಿಕೇರಿಯಿಂದ ಅಂಕೋಲೆಗೆ ಬಂದು ಕಾರವಾರದ ಬಸ್ಸು ಹಿಡಿಯುತ್ತಿದ್ದರು. 'ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್' ಎನ್ನುತ್ತಲೇ ತಮ್ಮ ಹೆಗಲಚೀಲದೊಳಗೆ ಬಾಯಿಟ್ಟು ಬೆಕ್ಕಿನಂತೆ ಕೂಗುತ್ತಿದ್ದರು. ಮಕ್ಕಳ ನಗು ನಿಂತ ಮೇಲೆ, "ಗುಟ್ಟು ಬಿಟ್ಟುಕೊಡೋದು ಅಂತ ಅರ್ಥ" ಎಂದರೆ ಮತ್ತೆ ಯಾರೂ ಮರೆಯುತ್ತಿರಲಿಲ್ಲ.

ಮನೆಮಾತು ಕೊಂಕಣಿ. ಹೆಂಡತಿ ಗಂಗೂಗೆ ಇಂಗ್ಲಿಷ್ ಬರದು. "ಈ ಬ್ಯಾಚ್ ಮುಗೀಲಿ, ನಿನಗೂ ಕಲಿಸ್ತೆ" ಎನ್ನುತ್ತಿದ್ದರು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬ್ಯಾಚು ಬರುತ್ತಿತ್ತು.

ಒಂದು ದಿನ ಪಾಠದ ನಡುವೆಯೇ ಕುಸಿದರು. ಪಾರ್ಶ್ವವಾಯು. ಬಲಗೈ ಬಿದ್ದುಹೋಯಿತು, ಕೊಂಕಣಿ ಹೋಯಿತು, ಕನ್ನಡ ಹೋಯಿತು. ವಾರಗಟ್ಟಲೆ ಮೌನವಾಗಿದ್ದವರು ಒಂದು ಬೆಳಿಗ್ಗೆ ಸ್ಪಷ್ಟವಾಗಿ, "ಪೀಸ್ ಆಫ್ ಕೇಕ್" ಎಂದರು.

ಗಂಗೂ ಚಪ್ಪಲಿ ಮೆಟ್ಟಿ ಅಂಕೋಲೆಯ ಬೇಕರಿಗೆ ಓಡಿದಳು. ತಂದ ಕೇಕನ್ನು ಬಾಯಿಗಿಟ್ಟರೆ ಮಾಸ್ತರರು ತಲೆ ಅಲ್ಲಾಡಿಸಿ ಅತ್ತರು.

ಅವತ್ತು ನೋಡಲು ಬಂದಿದ್ದ ಶಿಷ್ಯೆ ರಕ್ಷಿತಾ ಹೇಳಿದಳು: "ಅಮ್ಮಾ, ಅದು ತಿನ್ನೋ ಕೇಕಲ್ಲ. ಬಹಳ ಸುಲಭ ಅಂತ ಅರ್ಥ."

"ಎಂತದು ಸುಲಭ?"

ಅದು ರಕ್ಷಿತಾಗೂ ತಿಳಿಯಲಿಲ್ಲ. ಬಾಯಿಪಾಠವಾದ ಮಾತು ಕೆಲವರಿಗೆ ಹೀಗೆ ಉಳಿಯುತ್ತದೆ, ಅದರಲ್ಲಿ ಅರ್ಥ ಹುಡುಕಬೇಡಿ ಎಂದರು ಡಾಕ್ಟರು. ಗಂಗೂ ಒಪ್ಪಲಿಲ್ಲ. ಗಂಡ ಏನೇ ಅಂದರೂ ರಕ್ಷಿತಾಗೆ ಫೋನು ಮಾಡಿ ಅರ್ಥ ಕೇಳುವಳು.

ಒಮ್ಮೆ ಹೆಗಲಿಗೆ ಎಣ್ಣೆ ತಿಕ್ಕುವಾಗ, "ಕೋಲ್ಡ್ ಶೋಲ್ಡರ್" ಎಂದರು. ಫೋನಿನಲ್ಲಿ ರಕ್ಷಿತಾ ತಡವರಿಸಿದಳು. "ಹೆಗಲು ತಣ್ಣಗಾಗ್ತದೆ ಅಂತ, ಅಮ್ಮಾ." ಅಂದಿನಿಂದ ಗಂಗೂ ದಿನವೂ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಆ ಹೆಗಲಿಗೆ ಶಾಖ ಕೊಟ್ಟಳು. ಮಾಸ್ತರರು ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಅವಳಿಗೆ ಅಷ್ಟು ಸಮಾಧಾನದ ಹೊತ್ತು ಬೇರೆ ಇರಲಿಲ್ಲ.

ರಕ್ಷಿತಾ ಪಾಸಾಗಿ ದೂರದ ಕಾಲೇಜಿಗೆ ಹೋದಳು. ಇನ್ನೊಬ್ಬ ಶಿಷ್ಯ ಸೂರಜ್ ಮಾಸ್ತರರನ್ನು ನೋಡಲು ಬಂದ. ಶಾಖ ಕೊಡುತ್ತ ಗಂಗೂ ಹೆಮ್ಮೆಯಿಂದ ಕಾರಣ ಹೇಳಿದಳು. ಅವನು ಯೋಚಿಸದೆ ತಿದ್ದಿದ: "ಅಲ್ಲ ಅಮ್ಮಾ, ಅದರರ್ಥ ಬೇರೆ. ಯಾರನ್ನಾದ್ರೂ ಬೇಕಂತಲೇ ದೂರ ಇಡೋದು."

ಉಪ್ಪಿನ ಗಂಟು ಹಿಡಿದ ಅವಳ ಕೈ ನಿಂತಿತು.

ಅವನು ಹೋದ ಮೇಲೆ ಗಂಡನ ಮುಖದ ಹತ್ತಿರ ಬಗ್ಗಿ ಕೇಳಿದಳು. "ನಾನು ನಿಮ್ಮನ್ನ ದೂರ ಇಟ್ನಾ? ಇಲ್ಲಾ, ನೀವೇ ನನ್ನ ದೂರ ಇಟ್ರಿ ಅಂತ ಹೇಳಿದ್ರಾ? ಒಂದ್ಸಲ ಗಂಗೂ ಅನ್ನಿ, ಸಾಕು."

ಅವರು ತುಟಿ ಆಡಿಸಲು ಒದ್ದಾಡಿದರು. ಕತ್ತಿನ ನರ ಉಬ್ಬಿತು. ಕೊನೆಗೆ ಬಂದದ್ದು ಇಂಗ್ಲಿಷು. ಮುಖ ಮಾತ್ರ ಬೇರೇನನ್ನೋ ಹೇಳಲು ಹೊರಟವರ ಮುಖ. ಗಂಗೂ ಅವರ ಬಾಯಿಗೆ ಕೈ ಅಡ್ಡ ಇಟ್ಟು, "ಬೇಡ, ಬಿಡಿ" ಎಂದು ಎದೆಗೆ ತಲೆಯಾನಿಸಿದಳು.

ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು. ಸುದ್ದಿ ಕೇಳಿ ರಕ್ಷಿತಾ ಫೋನು ಮಾಡಿ ಬಹಳ ಹೊತ್ತು ಅತ್ತಳು.

"ಕೊನೆಗೆ ಸರ್ ಏನಾದ್ರೂ ಅಂದ್ರಾ, ಅಮ್ಮಾ?"

"ಅಂದ್ರು. ನಂಗೂ ಬಾಯಿಪಾಠ ಆಗಿದೆ" ಎಂದಳು ಗಂಗೂ. "ಅರ್ಥ ಮಾತ್ರ ಕೇಳೋದಿಲ್ಲ ಮಗಾ. ನೀನೂ ಹೇಳಬೇಡ."