ಮಂಚದ ಕೆಳಗಿನ ಗಿಂಡಿ

ಅಪ್ಪನಿಗೆ ಹಳೇ ಸಾಮಾನಿನ ಹುಚ್ಚು. ಎಗ್ಮೋರ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರು ಭಾನುವಾರ ಬಂತೆಂದರೆ ಮೂರ್ ಮಾರ್ಕೆಟ್ಟಿಗೆ ಹೋಗಿ ಏನಾದರೊಂದು ಹೊತ್ತು ತರುತ್ತಿದ್ದರು. ಮುಳ್ಳಿಲ್ಲದ ಗಡಿಯಾರ, ಮುಚ್ಚಳವಿಲ್ಲದ ಮಸಿಕುಡಿಕೆ, ಯಾರದೋ ಮದುವೆಯ ಪಟ. ವೆಸ್ಟ್ ಮಾಂಬಲಂನ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾಲು ಚಾಚಲು ಜಾಗ ಹುಡುಕಬೇಕಿತ್ತು.

"ಮಾರೋರಿಗೆ ನೀವು ಬಂದ್ರೆ ಹಬ್ಬ. ಕಸಾನೆಲ್ಲ ನಿಮ್ಮ ತಲೆಗೆ ಕಟ್ಟಿ ಕಳಿಸ್ತಾರೆ" ಎನ್ನುತ್ತಿದ್ದಳು ಅಮ್ಮ. ಅದನ್ನು ಇಪ್ಪತ್ತು ವರ್ಷ ಅಂದಳು. ನಾನೂ ಜೊತೆಗೆ ನಗುತ್ತಿದ್ದೆ.

ಆ ರಾಶಿಯಲ್ಲಿ ಅಪ್ಪ ನಿಜವಾಗಿ ನಂಬಿದ್ದು ಒಂದನ್ನೇ: ಕಂಚಿನ ಒಂದು ಗಿಂಡಿ, ಸಣ್ಣ ಮೂತಿಯ ನೀರಿನ ಪಾತ್ರೆ. ಮೈತುಂಬ ಹಸಿರುಗಪ್ಪು ಕಿಲುಬು. ಅದು ನೂರಾರು ವರ್ಷ ಹಳೆಯದೆಂದು ಅವರ ವಾದ. ಯಾರ ಮನೆಯದೋ, ಯಾರು ಮುಟ್ಟಿದ್ದೋ ಎಂದು ಮಡಿಯ ಅಮ್ಮ ಅದನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲೇ ಇಲ್ಲ. ಅದು ನೀರು ಕಾಣದೆ ಅಪ್ಪನ ಮಂಚದ ಕೆಳಗೇ ಉಳಿಯಿತು.

ಎಂಬತ್ತರ ದಶಕದ ಶುರುವಿನಲ್ಲಿ, ನಿವೃತ್ತಿಯಾದ ಮರುವರ್ಷವೇ, ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತು ತೊದಲಿತು. ಒಂದು ದಿನ ನನ್ನನ್ನು ಹತ್ತಿರ ಕರೆದು, "ಗಿಂಡಿ ಮಾರಿಬಿಡು ಮಗೂ. ನಾನು ಹೋಗೋದ್ರೊಳಗೆ ನಿಮ್ಮಮ್ಮಂಗೆ ಗೊತ್ತಾಗಲಿ, ನಾನು ಬರೀ ಪೆದ್ದನಲ್ಲ ಅಂತ" ಎಂದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಎಲ್ಲಿ ಮಾರುವುದು? ಇನ್ಶೂರೆನ್ಸ್ ಆಫೀಸಿನ ಕೆಲಸ ಮುಗಿಸಿ ದಿನಾ ಸಂಜೆ ಅಲೆದೆ. ಮೂರ್ ಮಾರ್ಕೆಟ್ಟಿನಲ್ಲಿ ಕಂಚೆಂದರೆ ತೂಕ, ಅಷ್ಟೇ. ಮೌಂಟ್ ರೋಡಿನ ಒಂದು ಹರಾಜು ಅಂಗಡಿಯವನು, ಪಾತ್ರೆ ತಂದುಕೊಟ್ಟು ಹೋಗಿ, ಸರದಿ ಬಂದಾಗ ನೋಡೋಣ ಎಂದ. ಅಪ್ಪನಿಗೆ ಸರದಿ ಕಾಯುವಷ್ಟು ಆಯುಷ್ಯ ಇದೆಯೆಂದು ನನಗೆ ಅನಿಸಲಿಲ್ಲ. ಕೊನೆಗೆ ಎಗ್ಮೋರಿನ ಹೋಟೆಲುಗಳ ಹಿಂದೆ, ಪರದೇಶದವರು ಬಂದು ಹಳೇ ವಸ್ತು ಕೊಳ್ಳುವ ಅಂಗಡಿಯೊಂದು ಸಿಕ್ಕಿತು. ಮುದುಕ ಯಜಮಾನ ನಾನು ಹೇಳಿದ್ದನ್ನೆಲ್ಲ ಕೇಳಿ, ಕಿಲುಬಿನ ಬಣ್ಣ ಎಂಥದೆಂದು ಎರಡೆರಡು ಸಲ ವಿಚಾರಿಸಿ, ಶನಿವಾರ ತನ್ನಿ ಎಂದ. ಮನೆಗೆ ಬಂದು ಹೇಳಿದೆ. ಅಪ್ಪ ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. ಅಮ್ಮ ಬಗ್ಗಿ ಮಂಚದ ಕೆಳಗೊಮ್ಮೆ ನೋಡಿದಳು.

ಶನಿವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಾಗ ಅಮ್ಮ ಅಪ್ಪನ ಮಂಚದ ಪಕ್ಕ ನಿಂತಿದ್ದಳು. ಕೈಯಲ್ಲಿ ಗಿಂಡಿ, ಹೊಸ ಕೊಡದ ಹಾಗೆ ಫಳಫಳ. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಳು, ಬೆರಳುಗಳು ಕಪ್ಪಾಗಿದ್ದವು. ನಮ್ಮಲ್ಲಿ ಪಾತ್ರೆ ಮನೆಯಾಚೆ ಹೋಗುವುದಾದರೆ ಬೆಳಗಿಯೇ ಹೋಗಬೇಕು.

"ಅವರು ಅಷ್ಟು ಆಸೆಯಿಂದ ತಂದಿದ್ದು. ಕೊಳೇಲಿ ಕೊಟ್ಟು ಕಳಿಸೋಕಾಗುತ್ತೇನೇ?" ಎಂದಳು ನನಗೆ. ಇಪ್ಪತ್ತು ವರ್ಷದಲ್ಲಿ ಅವಳು ಅದನ್ನು ಮುಟ್ಟಿದ್ದೇ ಅವತ್ತು.

ಅಪ್ಪ ಗಿಂಡಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಬೆರಳುಗಳನ್ನು ನೋಡಿದರು. "ಚೆನ್ನಾಗಿದೆ" ಎಂದರು.

ಅಂಗಡಿಯ ಮುದುಕ ಬಟ್ಟೆ ಬಿಚ್ಚಿದವನೇ ತಲೆಯ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ, ಎನ್ನಮ್ಮಾ ಇದು? ಪುಳಿ ಪೋಟ್ಟು ತೇಚ್ಚಿಟ್ಟೀಂಗಳಾ?" ಹುಣಿಸೆಹಣ್ಣು ಹಾಕಿ ತಿಕ್ಕಿಬಿಟ್ಟಿರಾ ಎಂದು. ಗಿಂಡಿ ನಿಜವಾಗಿಯೂ ಹಳೆಯದು, ನಿಮ್ಮ ತಂದೆಗೆ ಹಳೇ ವಸ್ತು ಗುರುತಿಸುವ ಕಣ್ಣಿದೆ ಎಂದ. ಆದರೆ ಕೊಳ್ಳುವವರು ನೋಡುವುದು ಆ ಕಿಲುಬನ್ನೇ, ಅದು ಹೋದ ಮೇಲೆ ಇದನ್ನು ಯಾರೂ ನಂಬುವುದಿಲ್ಲ, ನನಗೂ ಬೇಡ ಎಂದ. ನಾನು ಅವನ ಮುಂದೆಯೇ ಅತ್ತುಬಿಟ್ಟೆ.

ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು, ಬೆಂಚಿನ ಮೇಲೆ ಮೂರು ಗಾಡಿ ಹೋಗುವವರೆಗೆ ಕೂತೆ. ನಿಜ ಹೇಳಿದರೆ ಅಮ್ಮ ಸಾಯುವವರೆಗೂ ಕೊರಗುತ್ತಾಳೆ. ಹೇಳದಿದ್ದರೆ ಅಪ್ಪ ಪೆದ್ದರಾಗಿಯೇ ಸಾಯುತ್ತಾರೆ. ಎದ್ದು ಮನೆಗೆ ಹೋದೆ.

"ಏನಂದ್ನೇ?" ಎಂದು ಅಮ್ಮ ಬಾಗಿಲಿಗೇ ಬಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಅಪ್ಪನ ದನಿ ಬಂತು, ಒಂದೊಂದೇ ಅಕ್ಷರ ಎಳೆದುಕೊಂಡು. "ನಕಲಿ ಅಂದಿರ್ತಾನೆ. ನಂಗೆ ಆವಾಗ್ಲೇ ಅನುಮಾನ ಇತ್ತು. ಮೋಸಹೋದೆ ಕಣೇ."

ನಾನು ಒಳಗೆ ಬಂದು ಅವರ ಮುಖ ನೋಡಿದೆ. ಬೇಡ ಎಂದು ತಲೆಯಾಡಿಸಿದರು, ನನಗೆ ಮಾತ್ರ ಕಾಣುವಷ್ಟು.

"ನಾನು ಅವತ್ತೇ ಬಡ್ಕೊಂಡೆ, ಕೇಳಿದ್ರಾ?" ಎಂದಳು ಅಮ್ಮ. ಹಾಗೆನ್ನುತ್ತಲೇ ಮಂಚದ ಬಳಿ ಬಂದು ಸೆರಗಿನಿಂದ ಅವರ ಬಾಯಿಯ ಜೊಲ್ಲು ಒರೆಸಿದಳು.

ಎರಡು ತಿಂಗಳಿಗೆ ಅಪ್ಪ ಹೋದರು. ಬೆಳಗಿದ ಪಾತ್ರೆ ತಾನೇ ಎಂದು ಅಮ್ಮ ಗಿಂಡಿಯನ್ನು ಅಡುಗೆಮನೆಯೊಳಗೆ ಸೇರಿಸಿಕೊಂಡಳು. ಮನೆಗೆ ಯಾರೇ ಬಂದರೂ ಅದರಲ್ಲೇ ನೀರು ಕೊಟ್ಟು, "ನಮ್ಮೋರು ಮೋಸಹೋಗಿ ತಂದಿದ್ದು" ಎಂದು ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದು ಹೌದೆಂದು ತಲೆಯಾಡಿಸುತ್ತಿದ್ದೆ.