ಒಡಕು ದನಿಯ ಮಶೀನು

ಗಿಟಾರು ಬಾರಿಸುವುದನ್ನು ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ಬೆರಳು ನೋವು ಎಂದು ಹೇಳಿ ಮಾತು ಮುಗಿಸುತ್ತೇನೆ. ಬೆರಳು ನೋಯುವುದು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ನಿಜವಾದ ಕಾರಣ ಹೇಳಬೇಕೆಂದರೆ ಒಂದು ಹಳೆಯ ಮೈಕ್‌ಸೆಟ್ಟಿನ ಕಥೆ ಹೇಳಬೇಕು, ಅದಕ್ಕೂ ಮೊದಲು ಕಾಲುವೆ ಕ್ಯಾಂಪಿನ ವಿಷಯ ಹೇಳಬೇಕು. ಅಷ್ಟು ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ, ಹೇಳುವ ತ್ರಾಣ ನನಗೂ ಉಳಿದಿಲ್ಲ. ಬರೆಯುವುದಾದರೆ ದಣಿವಾದಾಗ ಪೆನ್ನು ಕೆಳಗಿಡಬಹುದು.

ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನಾನು ಟ್ರೇಸರ್ ಆಗಿದ್ದೆ. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ಕಾಲುವೆ ನಕ್ಷೆಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಎಳೆಯುವುದು ನನ್ನ ಕೆಲಸ. ಹನ್ನೊಂದು ವರ್ಷ ಅದೇ ಗೆರೆ, ಅದೇ ಕುರ್ಚಿ, ಅದೇ ಕುತ್ತಿಗೆ ನೋವು. ಕಾಲುವೆಯಲ್ಲಿ ನೀರು ಹರಿಯುವುದನ್ನು ನೋಡಿದ್ದಕ್ಕಿಂತ ಹಾಳೆಯ ಮೇಲೆ ನೀರಿನ ಬಾಣದ ಗುರುತು ಹಾಕಿದ್ದೇ ಹೆಚ್ಚು. ಕೋಲಾರದ ಚಿನ್ನದ ಗಣಿ ಕಡೆಯಿಂದ ಬಂದಿದ್ದ ಒಬ್ಬ ಎಂಜಿನಿಯರ್ ಪಕ್ಕದ ಕ್ವಾರ್ಟರ್ಸಿನಲ್ಲಿದ್ದರು. ಅವರು ನನಗೆ ಗಿಟಾರು ಕಲಿಸಿದರು. ವರ್ಗವಾಗಿ ಹೋಗುವಾಗ ತಮ್ಮ ಕರೆಂಟಿನ ಗಿಟಾರನ್ನೂ ಒಂದು ಬುಟ್ಟಿ ತುಂಬ ಹಳೆಯ ಇಂಗ್ಲಿಷ್ ರಾಕ್ ಕ್ಯಾಸೆಟ್ಟುಗಳನ್ನೂ ನನಗೇ ಬಿಟ್ಟುಹೋದರು.

ಆ ಕ್ಯಾಸೆಟ್ಟುಗಳಲ್ಲಿದ್ದ ಗಿಟಾರು ನನ್ನದರಂತೆ ಟಿಣ್ ಟಿಣ್ ಎನ್ನುತ್ತಿರಲಿಲ್ಲ. ಅದರ ದನಿ ತುಂಬಿಕೊಂಡು ಬಂದು ಅಂಚಿನಲ್ಲಿ ಒಡೆಯುತ್ತಿತ್ತು, ಬಹಳ ಹೊತ್ತು ತಡೆದುಕೊಂಡವರು ಕೊನೆಗೊಮ್ಮೆ ಕೂಗಿದ ಹಾಗೆ. ಕ್ಯಾಂಪಿನ ಕ್ಲಬ್ಬಿನಲ್ಲಿದ್ದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ತಂತಿ ಹಚ್ಚಿ ನಾನು ಎಷ್ಟು ತಿಣುಕಿದರೂ ಆ ದನಿ ಬರಲಿಲ್ಲ. ಬೇಸತ್ತು ಎಂಜಿನಿಯರ್ ಸಾಹೇಬರಿಗೆ ಕಾಗದ ಬರೆದೆ. ಅವರಿಂದ ಉತ್ತರ ಬಂತು. ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವಿನ ಮಶೀನು ಹುಡುಕು, ಗಿಟಾರಿನದೇ ಆಗಬೇಕೆಂದಿಲ್ಲ, ಮದುವೆಯ ಮೈಕ್‌ಸೆಟ್ಟಾದರೂ ನಡೆದೀತು. ಹಚ್ಚಿದ ಮೇಲೆ ಐದು ನಿಮಿಷ ಬಿಸಿಯಾಗಲು ಬಿಡು. ಪೆನ್ಸಿಲಿನಿಂದ ವಾಲ್ವಿಗೆ ಮೆಲ್ಲಗೆ ತಟ್ಟು, ತಟ್ಟಿದ್ದು ಸ್ಪೀಕರಿನಲ್ಲಿ ಗಂಟೆಯಂತೆ ಕೇಳಿದರೆ ಆ ವಾಲ್ವು ಮುಗಿದಿದೆ ಎಂದು ತಿಳಿ. ಒಳಗೆ ಕೈ ಹಾಕಬೇಡ, ಸ್ವಿಚ್ಚು ಆರಿಸಿದ ಮೇಲೂ ಕರೆಂಟು ಒಳಗೇ ಕೂತಿರುತ್ತದೆ. ಕೊನೆಗೆ ದನಿ ಏರಿಸುವ ಗುಂಡಿಯನ್ನು ಪೂರ್ತಿ ತಿರುಗಿಸು, ದನಿ ಹೇಗೆ ಒಡೆಯುತ್ತದೆ ಎಂದು ಕೇಳಿ ಆರಿಸಿಕೋ.

ಅದೇ ವರ್ಷ ನಮ್ಮ ನಕ್ಷೆ ವಿಭಾಗ ಮುಚ್ಚುವ ಆರ್ಡರು ಬಂತು. ಕ್ಲಬ್ಬಿನ ವಾದ್ಯಮೇಳದಲ್ಲಿದ್ದ ನಾನು, ಡ್ರಮ್ಮು ಬಾರಿಸುತ್ತಿದ್ದ ಸರ್ವೇಯರ್, ಹಾಡುತ್ತಿದ್ದ ಟೈಪಿಸ್ಟ್, ಮೂವರಿಗೂ ಮೂರು ದಿಕ್ಕಿಗೆ ವರ್ಗ. ಜನವರಿಯ ಕ್ಲಬ್ ವಾರ್ಷಿಕೋತ್ಸವವೇ ನಮ್ಮ ಕೊನೆಯ ಕಾರ್ಯಕ್ರಮ. ಇಷ್ಟು ವರ್ಷ ಸಾಹೇಬರ ಮಕ್ಕಳ ಹುಟ್ಟುಹಬ್ಬಕ್ಕೆ, ಬೀಳ್ಕೊಡುಗೆಗೆ, ಹೇಳಿದ ಸಿನಿಮಾ ಹಾಡನ್ನೆಲ್ಲ ಬಾರಿಸಿ ನನಗೆ ಸಾಕುಬೇಕಾಗಿತ್ತು. ಒಂದೇ ಒಂದು ಸಲ ನನಗೆ ಬೇಕಾದ ಹಾಡನ್ನು ನನಗೆ ಬೇಕಾದ ದನಿಯಲ್ಲಿ ಬಾರಿಸಬೇಕು, ಆಮೇಲೆ ಎಲ್ಲಿಗೆ ಹಾಕಿದರೂ ಹೋಗುತ್ತೇನೆ ಅಂದುಕೊಂಡೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತ, "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು. ಹೋಗ್ರಿ, ಒಡಕ ಗಡಿಗಿ ಹುಡಕ್ಕೊಂಡು ಬರ್ರಿ" ಅಂದಳು.

ಹುಡುಕಾಟದ ಮೊದಲ ದಿನವೇ ನಗೆಪಾಟಲಾಯಿತು. ಹಳೆಯ ವಾಲ್ವು ಎಲ್ಲಿ ಸಿಗುತ್ತದೆ ಎಂದು ಕ್ಯಾಂಪಿನ ಸ್ಟೋರ್‌ಕೀಪರನ್ನು ಕೇಳಿದೆ. ಅವನು ಬಹಳ ಗಂಭೀರವಾಗಿ ಕರೆದುಕೊಂಡು ಹೋಗಿ ತುಕ್ಕು ಹಿಡಿದ ನೀರಿನ ಪೈಪಿನ ವಾಲ್ವುಗಳ ಗುಡ್ಡೆ ತೋರಿಸಿದ. "ಎಷ್ಟ್ ಇಂಚಿಂದು ಬೇಕ್ರಿ?" ಅಂದ. ಕಾಲುವೆ ಕ್ಯಾಂಪಿನಲ್ಲಿ ಆ ಪದಕ್ಕೆ ಬೇರೆ ಅರ್ಥ ಇರಲು ಸಾಧ್ಯವೇ ಇರಲಿಲ್ಲ.

ಮುಂದಿನ ಭಾನುವಾರ ಬಸ್ಸು ಹತ್ತಿ ಯಾದಗಿರಿಗೆ ಹೋದೆ. ಸ್ಟೇಷನ್ ರಸ್ತೆಯ ರೇಡಿಯೋ ಅಂಗಡಿಯಲ್ಲಿ ಟೂರಿಂಗ್ ಟಾಕೀಸಿನದೊಂದು ದೊಡ್ಡ ಮಶೀನಿತ್ತು. ಐದು ನಿಮಿಷ ಕಾಯಿಸಿ ಪೆನ್ಸಿಲಿನಿಂದ ತಟ್ಟಿದೆ, ನಾಲ್ಕರಲ್ಲಿ ಮೂರು ವಾಲ್ವುಗಳು ಗಂಟೆ ಹೊಡೆದವು. ಅಂಗಡಿಯವನು ನಾನು ಅದಕ್ಕೆ ಮಾಟ ಮಾಡುತ್ತಿದ್ದೇನೆ ಎನ್ನುವ ಹಾಗೆ ನೋಡಿದ. ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಮೈಕಿನವನ ಬಳಿ ಇನ್ನೊಂದಿತ್ತು. ಹಚ್ಚಿದರೆ ಗುಂಯ್ ಎನ್ನುವ ಸದ್ದಿನಲ್ಲಿ ಗಿಟಾರು ಮುಳುಗಿಯೇ ಹೋಯಿತು. ಅದೂ ಅಲ್ಲದೆ ಅವನಿಗೆ ಮಾರುವ ಮನಸ್ಸಿರಲಿಲ್ಲ. ಚಳಿಗಾಲದಲ್ಲಿ ಅವರ ಮನೆಯ ಬೆಕ್ಕು ಅದರ ಮೇಲೆ ಮಲಗುತ್ತಿತ್ತಂತೆ. ಎರಡು ಭಾನುವಾರ ಕಳೆದವು, ಗಿಟಾರು ಹೊತ್ತ ಭುಜ ಬಾತುಕೊಂಡಿತು, ಕೈಗೆ ಏನೂ ಹತ್ತಲಿಲ್ಲ.

ಮೂರನೆಯದು ಸುರಪುರದಲ್ಲಿ ಸಿಕ್ಕಿತು. ಗುಡ್ಡದ ಮೇಲಿನ ಓಣಿಯಲ್ಲಿ, ಮನೆಯ ಪಡಸಾಲೆಯಲ್ಲೇ ಮೈಕ್‌ಸೆಟ್ ಇಟ್ಟುಕೊಂಡಿದ್ದ ಮುದುಕರ ಹತ್ತಿರ. ಎಲ್ಲರೂ ಟ್ರಾನ್ಸಿಸ್ಟರಿಗೆ ಹೋದ ಮೇಲೆ ಅವರನ್ನು ಮದುವೆಗೆ ಕರೆಯುವವರು ಕಡಿಮೆಯಾಗಿದ್ದರು. ಮಶೀನಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಹಚ್ಚಿ ಕಾಯಿಸಿ, ಭೋಂಗಾ ಎನ್ನುವ ತುತ್ತೂರಿ ಸ್ಪೀಕರು ತೆಗೆದು ಪೆಟ್ಟಿಗೆಯ ಸ್ಪೀಕರಿಗೆ ಜೋಡಿಸಿ, ಒಂದು ತಂತಿ ಮೀಟಿದೆ. ಗುಂಡಿ ಅರ್ಧಕ್ಕೆ ಬರುವಷ್ಟರಲ್ಲಿ ದನಿ ಒಡೆಯಿತು. ಸ್ವಲ್ಪ ಗೊಗ್ಗರು, ಸ್ವಲ್ಪ ಅಂಕುಡೊಂಕು, ಆದರೆ ಅದೇ ದನಿ. ಇನ್ನೊಂದು ತಂತಿ ಮೀಟಲು ಹೋದೆ. ಮುದುಕರು ಮಾತ್ರ ಥಟ್ಟನೆ ಗುಂಡಿ ಕೆಳಗಿಳಿಸಿಬಿಟ್ಟರು.

"ಸುಳ್ಳ ಯಾಕ ಹೇಳ್ಲಿ ಸಾಹೇಬ್ರ, ಆವಾಜ್ ಒಡೀತದ. ನಿಮ್ಮ ಕ್ಯಾಂಪಿನಾಗ ಮೊದಲ ಸಲ ಕಾಲುವಿಗಿ ನೀರು ಬಿಟ್ಟ ದಿನ, ದೊಡ್ಡ ಮಂದಿ ಭಾಷಣ ಮಾಡಾಕತ್ತಿದ್ರು. ಆಗೂ ಹಿಂಗ ಒಡೀತು. ಪೆಂಡಾಲ್ ತುಂಬ ಮಂದಿ ನಕ್ಕರು. ಅವತ್ತಿನಿಂದ ನನಗ ಒಡಕ ಮೈಕಿನವ ಅಂತನ ಹೆಸರು ಬಿತ್ತು ನೋಡ್ರಿ. ಮನಿ ಅಡ್ರೆಸ್ ಕೇಳಿದ್ರೂ ಹಂಗ ಹೇಳ್ತಾರ."

"ನನಗ ಒಡಕ ದನಿನೇ ಬೇಕಾಗ್ಯದ ಕಾಕಾ" ಅಂದೆ.

ಅವರು ಕಸೂತಿಯ ಬಟ್ಟೆಯನ್ನು ಮತ್ತೆ ಮಶೀನಿನ ಮೇಲೆ ಎಳೆದರು. "ಚ್ಯಾಷ್ಟಿ ಮಾಡಬ್ಯಾಡ್ರಿ."

ಗಾಬರಿಯಾಯಿತು. ಚೇಷ್ಟೆಯಲ್ಲ ಎಂದು ಹೇಳಲು ಹೋಗಿ, ಹೇಗೆ ಹೇಳಬೇಕೆಂದು ತೋಚದೆ, "ಒಡದ್ರ ಒಡೀಲಿ, ಇರಲಿ ಬಿಡ್ರಿ" ಅಂದೆ. ಇರಲಿ ಬಿಡ್ರಿ ಎನ್ನುವ ಆ ಎರಡು ಪದ ಆಡಬಾರದಿತ್ತು. ನಮ್ಮ ಕಡೆ ಎಮ್ಮೆ ಕೊಳ್ಳುವಾಗ ಆಗಲಿ, ಸೈಕಲ್ ಕೊಳ್ಳುವಾಗ ಆಗಲಿ, ಕೊಳ್ಳುವವನು ಐಬು ಕಂಡೂ ಇರಲಿ ಬಿಡ್ರಿ ಅಂದರೆ, ಅವನು ಮಾರುವವನ ಮರ್ಯಾದೆ ಕಾಯುತ್ತಿದ್ದಾನೆ ಎಂದು ಅರ್ಥ. ಹಾಗೆ ಅನ್ನಿಸಿಕೊಂಡ ಮೇಲೆ ಐಬಿನ ಮಾಲನ್ನು ಹಾಗೇ ಕೊಟ್ಟು ಕಳಿಸುವವನು ಮನುಷ್ಯನೇ ಅಲ್ಲ. ಮುದುಕರ ಮುಖ ಮೆತ್ತಗಾಯಿತು. "ಎಂಟು ದಿನ ಬಿಟ್ಟು ನಾನ ತಂದು ಕೊಡ್ತೀನ್ರಿ" ಅಂದರು. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ಭಾರ ಎತ್ತುವ ಕಷ್ಟ ತಪ್ಪಿತಲ್ಲ ಎಂದು ನಾನು ದುಡ್ಡು ಕೊಟ್ಟು ಖುಷಿಯಲ್ಲಿ ಬಸ್ಸು ಹತ್ತಿದೆ.

ಎಂಟನೆಯ ದಿನ ಟಂಟಂ ಆಟೋದಲ್ಲಿ ಮಶೀನು ಇಟ್ಟುಕೊಂಡು ಅವರೇ ಕ್ವಾರ್ಟರ್ಸಿಗೆ ಬಂದರು. ಯಾವುದೋ ಕಾಲದಿಂದ ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದ ಹೊಸ ವಾಲ್ವುಗಳನ್ನು ಹಾಕಿದ್ದರು. ಕಂಡೆನ್ಸರುಗಳನ್ನೆಲ್ಲ ಬದಲಿಸಿದ್ದರು. ಗುಂಡಿ ಅರ್ಧಕ್ಕೆ ತಿರುಗಿಸಿ, "ಈಗ ಬಾರಸ್ರಿ" ಅಂದರು. ಬಾರಿಸಿದೆ. ದನಿ ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛವಾಗಿತ್ತು. ನನಗೆ ಅಳು ಬಂತು. ಅವರು ಅದನ್ನು ಬೇರೆಯೇ ರೀತಿ ತಿಳಿದುಕೊಂಡರು. ನನ್ನ ಬೆನ್ನು ತಟ್ಟಿ, "ಇಷ್ಟ್ ದಿನ ದುಡಿದ ಮಶೀನು, ಐಬು ಇಟ್ಟು ಕೊಟ್ಟು ಕಳಸಾಕ ಬರತದೇನ್ರಿ?" ಅಂದರು. ಚಹಾ ಕುಡಿಯುತ್ತ ವಾರ್ಷಿಕೋತ್ಸವದ ದಿನ ಯಾವುದೆಂದು ಕೇಳಿಕೊಂಡರು. ನಕ್ಕ ಜನರ ಎದುರಿಗೇ ತಮ್ಮ ಮಶೀನಿನ ದನಿ ಒಂದು ಸಲ ಕೇಳಬೇಕು, ಬರುತ್ತೇನೆ ಅಂದರು.

ಅವರು ಹೋದ ಮೇಲೆ ನಾನು ಬಾಗಿಲು ಹಾಕಿ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಒಡೆಯಿತು! ಅದೂ ಮೊದಲಿನಂತೆ ಗೊಗ್ಗರಾಗಿ ಅಲ್ಲ. ಬಳಲಿದ ವಾಲ್ವು ಒಡೆಯುವ ರೀತಿಯೇ ಬೇರೆ, ಗಟ್ಟಿಯಾದ ವಾಲ್ವು ತುಂಬಿ ಒಡೆಯುವ ರೀತಿಯೇ ಬೇರೆ ಎಂದು ಅವತ್ತು ಗೊತ್ತಾಯಿತು. ದುಂಡಗೆ, ಬೆಚ್ಚಗೆ, ಕ್ಯಾಸೆಟ್ಟಿನಲ್ಲಿ ಇದ್ದದ್ದಕ್ಕೂ ಒಂದು ಕೈ ಮೇಲು. ಗೋಡೆಯ ಆಚೆಯಿಂದ ನೆರೆಯವರು ಕೂಗಿಕೊಂಡರು. ಮುದುಕರು ತಮಗೆ ಗೊತ್ತಿಲ್ಲದೆಯೇ ನನಗೆ ಬೇಕಾದದ್ದನ್ನು ಮಾಡಿಕೊಟ್ಟಿದ್ದರು.

ಅವತ್ತೇ ಸುರಪುರಕ್ಕೆ ಹೋಗಿ ಹೇಳಬೇಕಿತ್ತು. ಕಾಕಾ, ಇದು ಐಬಲ್ಲ, ಈ ಹಾಡಿಗೆ ಹೀಗೇ ಇರಬೇಕು, ಬೇಕಾದರೆ ಕ್ಯಾಸೆಟ್ಟು ಕೇಳಿ ಎಂದು ಕೂರಿಸಿ ಕೇಳಿಸಬೇಕಿತ್ತು. ವಾರವಿಡೀ ನಾಳೆ ಹೋದರಾಯಿತು ಅಂದುಕೊಂಡೆ. ವರ್ಗದ ಗಂಟುಮೂಟೆ, ಆಫೀಸಿನ ನಕ್ಷೆಗಳನ್ನು ಒಪ್ಪಿಸುವ ಕೆಲಸ, ದಣಿವು, ಎಲ್ಲವೂ ನಿಜ. ಆದರೆ ನಿಜಕ್ಕೂ ನನ್ನನ್ನು ತಡೆದದ್ದು ದಣಿವಲ್ಲ, ಭಯ. ಹೇಳಿದರೆ ಅವರು ಬೇಡ ಅನ್ನಬಹುದು, ಬೇಡ ಅಂದರೆ ನಾನು ಕೇಳಬೇಕಾಗಬಹುದು. ಅವರು ಮರೆತುಬಿಡಲಿ, ಬಸ್ಸು ತಪ್ಪಲಿ ಎಂದು ಕೂಡ ಬಯಸಿದೆ.

ಬಸ್ಸು ತಪ್ಪಲಿಲ್ಲ. ಕಾರ್ಯಕ್ರಮ ಸಂಜೆ ನಾಲ್ಕೂವರೆಗೆ ಇತ್ತು, ಮೂರಕ್ಕೇ ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ. ಅಕ್ಕಪಕ್ಕದವರಿಗೆ ವೇದಿಕೆಯ ಮೇಲಿದ್ದ ಮಶೀನನ್ನು ಬೆರಳು ಮಾಡಿ ತೋರಿಸುತ್ತಿದ್ದರು. ನಾವು ಮೊದಲು ಎರಡು ಸಿನಿಮಾ ಹಾಡು ಬಾರಿಸಿದೆವು. ಗುಂಡಿ ಅರ್ಧದಲ್ಲಿತ್ತು, ದನಿ ಸ್ವಚ್ಛವಾಗಿತ್ತು, ಜನ ಚಪ್ಪಾಳೆ ಹೊಡೆದರು. ಮುದುಕರು ಆ ಚಪ್ಪಾಳೆ ತಮಗೇ ಎನ್ನುವ ಹಾಗೆ ತಲೆ ತಗ್ಗಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು.

ಮೂರನೆಯದು ನನ್ನ ಹಾಡು. ಸರ್ವೇಯರ್ ಡ್ರಮ್ಮು ಶುರು ಮಾಡಿದ. ನಾನು ಹಿಂದಕ್ಕೆ ತಿರುಗಿ ಗುಂಡಿಯ ಮೇಲೆ ಕೈಯಿಟ್ಟೆ. ಎರಡನೇ ಸಾಲಿನಲ್ಲಿ ಯಾರು ಕೂತಿದ್ದಾರೆ ಎನ್ನುವುದು ನನಗೆ ಚೆನ್ನಾಗಿ ನೆನಪಿತ್ತು. ಮೈಮರೆತೆ ಎಂದು ಈಗ ಸುಳ್ಳು ಹೇಳಲಾರೆ. ಗೊತ್ತಿದ್ದೇ ಪೂರ್ತಿ ತಿರುಗಿಸಿದೆ.

ಆ ದನಿ ಬಂತು. ಹನ್ನೊಂದು ವರ್ಷದ ಕುತ್ತಿಗೆ ನೋವು, ಗೆರೆ, ಶಾಯಿ, ಎಲ್ಲ ಆ ಒಂದು ಮೀಟಿನಲ್ಲಿ ಹೊರಗೆ ಬಿದ್ದ ಹಾಗಾಯಿತು. ಅಷ್ಟು ಸುಖ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅರ್ಧ ನಿಮಿಷ ಇದ್ದಿರಬಹುದು. ಹಿಂದಿನ ಸಾಲುಗಳಲ್ಲಿ ಯಾರೋ ಶಿಳ್ಳೆ ಹಾಕಿದರು, ಯಾರೋ "ಒಡಕ ಮೈಕ್ ಬಂತಲೇ!" ಎಂದು ಕೂಗಿದರು, ಪೆಂಡಾಲು ನಕ್ಕಿತು.

ಮುದುಕರು ಎದ್ದರು. ಧೋತರದ ಚುಂಗು ಹಿಡಿದುಕೊಂಡು ವೇದಿಕೆ ಹತ್ತಿದರು. ನನ್ನ ಕೈ ತಾನಾಗಿಯೇ ನಿಂತಿತು. ನನ್ನನ್ನು ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನನ್ನ ಕಡೆ ನೋಡದೆ ಕ್ಲಬ್ಬಿನ ಮೈಕಿನ ಮುಂದೆ ನಿಂತು ಕೈ ಮುಗಿದರು.

"ಹಿರ್ಯಾರ, ಸಾಹೇಬ್ರ ಕೈ ಬರೊಬ್ಬರಿ ಅದ. ಅವ್ರಿಗೆ ಯಾರೂ ನಗಬ್ಯಾಡ್ರಿ. ತಪ್ಪು ನಂದದ. ರಿಪೇರಿ ನಾನ ಮಾಡೀನಿ, ನನ್ನ ಕೈಲಿ ಬರೊಬ್ಬರಿ ಆಗಿಲ್ಲ. ವಯಸ್ಸಾಗ್ಯದ, ಕಿವಿನೂ ಮೊದಲಿನಂಗ ಕೇಳೂದಿಲ್ಲ."

ನಗು ನಿಂತಿತು. ಅವರು ಮಶೀನಿನ ಹತ್ತಿರ ಬಂದು ಗುಂಡಿಯನ್ನು ಅರ್ಧಕ್ಕೆ ಇಳಿಸಿದರು. ಗುಂಡಿ ಎಲ್ಲಿತ್ತು ಎಂದು ಅವರು ನೋಡಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನೋಡಿದ್ದರೂ ಅವರು ಅಷ್ಟೇ ಹೇಳುತ್ತಿದ್ದರು ಅನ್ನಿಸುತ್ತದೆ. "ಬಾರಸ್ರಿ, ನಾ ಇಲ್ಲೇ ನಿಂತಿರ್ತೀನಿ" ಎಂದು ಮೆಲ್ಲಗೆ ಅಂದರು.

ನಾನು ಬಾರಿಸಿದೆ. ಆ ಹಾಡನ್ನು ಸ್ವಚ್ಛವಾದ ದನಿಯಲ್ಲಿ, ಒಂದು ತಪ್ಪೂ ಇಲ್ಲದೆ, ಕೊನೆಯವರೆಗೆ ಬಾರಿಸಿದೆ. ನಾಲ್ಕೈದು ನಿಮಿಷ ಅವರು ಮಶೀನಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಮೈಕು ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಮಶೀನು ಸರಿಯಾಗಿದೆ, ದನಿ ಒಡೆಸಿದವನು ನಾನು ಎಂದು ಹೇಳಲು ನಾಲ್ಕು ಮಾತು ಸಾಕಿತ್ತು. ಹಾಡು ಮುಗಿಯಿತು, ಜನ ಚಪ್ಪಾಳೆ ತಟ್ಟಿದರು, ನಾನು ತಲೆ ಬಾಗಿಸಿ ಆ ಚಪ್ಪಾಳೆ ತೆಗೆದುಕೊಂಡೆ.